ರಾತ್ರಿಯಿಡೀ ಯಕ್ಷಗಾನ ಆಟದ ರೆಕಾರ್ಡಿಂಗ್ ಕಾರಿನ ಪೆನ್‌ಡ್ರೈವ್‌ಗೆ: ಆಡಿಯೋ ಫೈಲ್ ಕೆಡಿಸದೆ ಬದಲಾಯಿಸುವ ಸಮಗ್ರ ಮಾರ್ಗದರ್ಶಿ

ಕುಮಟೆಯಲ್ಲಿ ಮೊಬೈಲ್‌ಗೆ ಹಿಡಿದ ತಾಳಮದ್ದಲೆ ಸಿರಸಿಯ ಕಾರಿನಲ್ಲಿ ಹಾಡುವುದಿಲ್ಲ. ಫೈಲ್ ಹೆಸರಿನ ಬಾಲ ತಿದ್ದಿ ಎಂಪಿ3 ಎಂದು ಬರೆದರೂ ಸ್ಟೀರಿಯೋ ಒಪ್ಪುವುದಿಲ್ಲ. ಯಾವುದೋ ಆನ್‌ಲೈನ್ ಕನ್ವರ್ಟರ್‌ಗೆ ಹಾಕಿ ತಂದರೆ ಹಾಡುತ್ತದೆ, ಆದರೆ ಚಂಡೆ ಹೊಳೆಯೊಳಗೆ ಬಾರಿಸಿದ ಹಾಗೆ ಕೇಳುತ್ತದೆ. ಎಲ್ಲ ಸರಿಯಾಯಿತು ಎನ್ನುವಷ್ಟರಲ್ಲಿ ಪ್ರಸಂಗದ ಮೂರನೇ ತುಂಡು ಮೊದಲು ಬಂದು ಒಂದನೇ ತುಂಡು ಕೊನೆಗೆ ಬರುತ್ತದೆ.

ಇವೆಲ್ಲ ಹುಟ್ಟುವುದು ಕೆಲಸದ ಕ್ರಮ ತಪ್ಪಿದಲ್ಲಿ. ಮೂಲ ಫೈಲಿನಿಂದ ಒಂದೇ ಸಲ, ಯಾವುದಕ್ಕೆ ಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು ಬದಲಾಯಿಸಿದರೆ ಅರ್ಧ ತೊಂದರೆ ಎದುರಾಗುವುದೇ ಇಲ್ಲ. ಕೆಳಗಿನ ಹಂತಗಳನ್ನು ಅದೇ ಸರದಿಯಲ್ಲಿ ಮಾಡಿ. ನಡುವಿನದನ್ನು ಹಾರಿಸಿದವರೇ ಹೆಚ್ಚಾಗಿ ಮತ್ತೆ ಮೊದಲಿನಿಂದ ಶುರುಮಾಡುವುದು.

## ಬೇಕಾದ ಸಲಕರಣೆ

ಐದು ತಂತ್ರಾಂಶ ಸಾಕು, ಎಲ್ಲವೂ ಉಚಿತ.

ಮೀಡಿಯಾಇನ್ಫೋ: ಫೈಲಿನೊಳಗೆ ನಿಜವಾಗಿ ಏನಿದೆ ಎಂದು ತೋರಿಸುತ್ತದೆ. ಬದಲಾಯಿಸುವುದಿಲ್ಲ.

ಫ್ರೆ-ಎಸಿ: ಹತ್ತಾರು ಫೈಲ್‌ಗಳನ್ನು ಒಟ್ಟಿಗೆ ಬದಲಾಯಿಸಲು. ಹುಡುಕುವಾಗ ಎಫ್-ಆರ್-ಇ-ಎ-ಸಿ ಎಂದು ಐದು ಅಕ್ಷರ ಹೊಡೆಯಿರಿ.

ಅಡಾಸಿಟಿ: ಕತ್ತರಿಸಲು, ಜೋಡಿಸಲು, ಮಟ್ಟ ಸರಿಮಾಡಲು, ಹಠಮಾರಿ ಫೈಲ್ ತೆರೆಯಲು.

ವಿಎಲ್‌ಸಿ: ವಿಡಿಯೋದಿಂದ ಧ್ವನಿ ಮಾತ್ರ ತೆಗೆಯಲು, ಮತ್ತು ಏನಾದರೂ ಹಾಡುತ್ತದೋ ಇಲ್ಲವೋ ನೋಡಲು.

ಎಂಪಿ3ಟ್ಯಾಗ್: ಹೆಸರು, ಪ್ರಸಂಗ, ಭಾಗವತರ ವಿವರ ತುಂಬಲು.

ವಿಂಡೋಸ್‌ನಲ್ಲಿ ಅಡಾಸಿಟಿ ಜೊತೆಗೆ ಎಫ್‌ಎಫ್‌ಎಂಪೆಗ್ ಲೈಬ್ರರಿಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದಿಲ್ಲದೆ ಫೋನಿನ ಎಂ4ಎ, ಹಳೆಯ ಮೊಬೈಲಿನ ಎಎಂಆರ್ ಫೈಲ್‌ಗಳು ಅಡಾಸಿಟಿಯಲ್ಲಿ ತೆರೆಯುವುದಿಲ್ಲ. ‘ಅಡಾಸಿಟಿ ಕೆಟ್ಟಿದೆ’ ಎಂಬ ದೂರಿನಲ್ಲಿ ಬಹುಪಾಲು ಇದೇ ಕಥೆ. ಎಡಿಟ್ ಮೆನುವಿನ ಪ್ರಿಫರೆನ್ಸಸ್‌ನಲ್ಲಿ ಲೈಬ್ರರೀಸ್ ತೆರೆದರೆ ಎಫ್‌ಎಫ್‌ಎಂಪೆಗ್ ಸಿಕ್ಕಿದೆಯೋ ಇಲ್ಲವೋ ಕಾಣುತ್ತದೆ. ಇಲ್ಲದಿದ್ದರೆ ಅಲ್ಲಿಯೇ ಡೌನ್‌ಲೋಡ್ ಗುಂಡಿ ಇದೆ.

ಆಯಾ ತಂತ್ರಾಂಶದ ಸ್ವಂತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ‘ಫ್ರೀ ಎಂಪಿ3 ಕನ್ವರ್ಟರ್’ ಎಂದು ಹುಡುಕಿದರೆ ಮೊದಲು ಸಿಗುವ ಜಾಹೀರಾತು ಕೊಂಡಿಗಳು ಬ್ರೌಸರಿನ ಗತಿಯನ್ನೇ ಕೆಡಿಸುತ್ತವೆ. ಆನ್‌ಲೈನ್ ಕನ್ವರ್ಟರ್ ಒಂದೆರಡು ನಿಮಿಷದ ವಾಯ್ಸ್‌ನೋಟಿಗೆ ಸರಿ. ಘಟ್ಟದ ಮೇಲಿನ ಹಳ್ಳಿಯ ನೆಟ್‌ವರ್ಕಿನಲ್ಲಿ ಏಳು ತಾಸಿನ ಆಟ ಅಪ್‌ಲೋಡ್ ಮಾಡಲು ಹೊರಟರೆ ಬೆಳಗಾಗುತ್ತದೆ, ಕೊನೆಗೆ ಎಷ್ಟು ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಎಷ್ಟು ಮಾಹಿತಿ ಉಳಿಸಿ) ಕೊಟ್ಟರು ಎಂಬುದೂ ಗೊತ್ತಾಗುವುದಿಲ್ಲ.

## ಹಂತ 1: ಮೂಲ ಫೈಲನ್ನು ಹಾಗೆಯೇ ಎತ್ತಿಡಿ

ಫೋನಿನಿಂದ ಕಂಪ್ಯೂಟರ್‌ಗೆ ಕೇಬಲ್ ಹಾಕಿ ನಕಲು ಮಾಡಿ. ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಳ್ಳುವ ಅಭ್ಯಾಸವಿದ್ದರೆ, ಕನಿಷ್ಠ ಅದನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ. ವಾಯ್ಸ್‌ನೋಟ್ ಗುಂಡಿ ಒತ್ತಿ ಸ್ಪೀಕರ್ ಎದುರು ಹಿಡಿದದ್ದು ಮಾತ್ರ ಓಪಸ್ ಫಾರ್ಮ್ಯಾಟಿಗೆ ಇಳಿದು, ಮಾತಿಗೆ ತಕ್ಕಷ್ಟೇ ಗುಣಮಟ್ಟಕ್ಕೆ ಹಿಂಡಿಹೋಗಿರುತ್ತದೆ. ಅದನ್ನು ಮತ್ತೆ ಹಿಗ್ಗಿಸಲು ಆಗುವುದಿಲ್ಲ.

ಕಂಪ್ಯೂಟರಿನಲ್ಲಿ ಎರಡು ಫೋಲ್ಡರ್ ಮಾಡಿ: ‘ಮೂಲ’ ಮತ್ತು ‘ತಯಾರಾದದ್ದು’. ‘ಮೂಲ’ದಲ್ಲಿ ಯಾವ ಫೈಲನ್ನೂ ಕತ್ತರಿಸಬೇಡಿ, ಹೆಸರೂ ಬದಲಿಸಬೇಡಿ. ಅದರ ಇನ್ನೊಂದು ನಕಲು ಬೇರೆ ಹಾರ್ಡ್‌ಡಿಸ್ಕಿನಲ್ಲಿರಲಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಬದಲಾವಣೆ ಅರ್ಧಕ್ಕೆ ನಿಂತರೆ ಹೋಗುವುದು ಹೊಸ ಫೈಲ್ ಮಾತ್ರ ಆಗಿರಬೇಕು.

ಹಾಗೆಯೇ ವಿಂಡೋಸ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನು, ಅದರಲ್ಲಿ ಶೋ, ಅದರಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿ. ಇದು ಅಡಗಿರುವುದರಿಂದಲೇ ಹೆಸರಿನ ಕೊನೆಗೆ ಎರಡು ಬಾಲ ಬೆಳೆಯುವುದು.

## ಹಂತ 2: ಒಳಗೆ ಏನಿದೆ ಎಂದು ನೋಡಿ

ಫೈಲಿನ ಬಾಲ ಬರೀ ಹಣೆಪಟ್ಟಿ. ತುಪ್ಪದ ಡಬ್ಬಿಯಲ್ಲಿ ಎಣ್ಣೆ ಇಟ್ಟರೆ ಹೊರಗಿನ ಚೀಟಿ ನೋಡಿ ತಿಳಿಯುವುದಿಲ್ಲ. ಮೀಡಿಯಾಇನ್ಫೋ ತೆರೆದು ಫೈಲನ್ನು ಅದರೊಳಗೆ ಎಳೆದುಹಾಕಿ, ನಾಲ್ಕು ಸಾಲು ಓದಿ: ಫಾರ್ಮ್ಯಾಟ್, ಬಿಟ್ ರೇಟ್, ಚಾನೆಲ್ಸ್ (ಒಂದಾದರೆ ಮೋನೋ, ಎರಡಾದರೆ ಸ್ಟೀರಿಯೋ), ಸ್ಯಾಂಪ್ಲಿಂಗ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆದಿದೆ). ಅವಧಿಯನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಕೊನೆಯ ಹಂತದಲ್ಲಿ ಬೇಕು.

ನಮ್ಮ ಕಡೆ ಸಾಮಾನ್ಯವಾಗಿ ಕೈಗೆ ಬರುವುದು ಇವು:

ವೇವ್: ಹಿಂಡದ ಧ್ವನಿ. 44100 ಹರ್ಟ್ಜ್, 16 ಬಿಟ್, ಸ್ಟೀರಿಯೋ ಆಗಿದ್ದರೆ ತಾಸಿಗೆ ಸುಮಾರು 635 ಎಂಬಿ.

ಫ್ಲ್ಯಾಕ್: ಹಿಂಡಿದರೂ ಏನೂ ಕಳೆಯದ ರೂಪ. ವೇವ್‌ನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುವುದು ವಾಡಿಕೆ.

ಎಂ4ಎ: ಇಂದಿನ ಫೋನಿನ ರೆಕಾರ್ಡರ್‌ಗಳು ಹೆಚ್ಚಾಗಿ ಕೊಡುವುದು. ಒಳಗೆ ಎಎಸಿ ಇರುತ್ತದೆ. ಕಳೆಯುವ ಜಾತಿ, ಅಂದರೆ ಹಿಂಡುವಾಗ ಧ್ವನಿಯ ಸ್ವಲ್ಪ ಭಾಗ ಹೋಗಿಬಿಡುತ್ತದೆ.

ಓಪಸ್: ವಾಟ್ಸಾಪ್ ವಾಯ್ಸ್‌ನೋಟ್.

ಎಎಂಆರ್, 3ಜಿಪಿ: ಗುಂಡಿ ಫೋನ್‌ಗಳ ಕಾಲದ್ದು. ಎಎಂಆರ್ ಸೆಕೆಂಡಿಗೆ 8000 ಸಲ ಮಾತ್ರ ಧ್ವನಿ ಅಳೆಯುತ್ತದೆ, ಅಂದರೆ 4000 ಹರ್ಟ್ಜ್‌ಗಿಂತ ಮೇಲಿನ ಸದ್ದು ಅದರಲ್ಲಿ ಇಲ್ಲವೇ ಇಲ್ಲ. ಅಂಕೋಲೆ ಕಡೆಯ ಹಾಲಕ್ಕಿ ಹಾಡುಗಳನ್ನು ಆ ಕಾಲದಲ್ಲಿ ಹಿಡಿದಿಟ್ಟವರ ಬಳಿ ಇಂಥದ್ದೇ ಇರುತ್ತದೆ. ಹಾಡಿನ ಮಾತು ಸಿಗುತ್ತದೆ, ಬಳೆಯ ಸದ್ದು ಸಿಗುವುದಿಲ್ಲ.

ಎಂಪಿ3 ಎಂಬ ಬಾಲವಿದ್ದೂ ಮೀಡಿಯಾಇನ್ಫೋ ‘ಎಂಪೆಗ್-4’ ಅಥವಾ ‘ಎಎಂಆರ್’ ಎಂದು ತೋರಿಸಿದರೆ, ಯಾರೋ ಹೆಸರು ಮಾತ್ರ ತಿದ್ದಿದ್ದಾರೆ. ಬಾಲವನ್ನು ಸರಿಯಾದದ್ದಕ್ಕೆ ತಿರುಗಿಸಿಯೇ ಮುಂದೆ ಹೋಗಿ. ಕೆಲವು ತಂತ್ರಾಂಶಗಳು ಬಾಲ ನೋಡಿಯೇ ತೆರೆಯುವ ದಾರಿ ಆರಿಸುತ್ತವೆ.

## ಹಂತ 3: ಯಾವುದಕ್ಕೆ ಬೇಕು, ಅದರ ಪ್ರಕಾರ ಲೆಕ್ಕ ಹಾಕಿ

ಇಲ್ಲಿ ಆತುರ ಬೇಡ. ಮುಂದಿನ ಪ್ರತಿ ಗುಂಡಿ ಈ ತೀರ್ಮಾನದ ಮೇಲೆ ನಿಂತಿದೆ.

ಕಾಪಿಡಲು: ಮೂಲ ವೇವ್ ಆಗಿದ್ದರೆ ಫ್ಲ್ಯಾಕ್ ಮಾಡಿ. ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಹಿಂಡುವ ಮಟ್ಟ ಕೇಳುತ್ತದೆ. ಅದು ಫೈಲಿನ ಗಾತ್ರ ಮತ್ತು ಹಿಡಿಯುವ ಸಮಯಕ್ಕೆ ಸಂಬಂಧಿಸಿದ್ದು, ಗುಣಮಟ್ಟಕ್ಕಲ್ಲ. 5 ಇದ್ದರೆ 5ರಲ್ಲೇ ಬಿಡಿ. ಮೂಲವೇ ಎಂ4ಎ ಅಥವಾ ಎಂಪಿ3 ಆಗಿದ್ದರೆ ಅದನ್ನೇ ಕಾಪಿಡಿ. ಅದನ್ನು ಫ್ಲ್ಯಾಕ್ ಮಾಡಿದರೆ ಜಾಗ ಹಾಳು, ಲಾಭವಿಲ್ಲ.

ಕಾರು, ಯುಎಸ್‌ಬಿ ಇರುವ ಆಂಪ್ಲಿಫೈಯರ್, ದೇವಸ್ಥಾನದ ಸ್ಪೀಕರ್: ಎಂಪಿ3, 44100 ಹರ್ಟ್ಜ್, ಕಾನ್‌ಸ್ಟಂಟ್ (ಉದ್ದಕ್ಕೂ ಒಂದೇ) ಬಿಟ್‌ರೇಟ್. ಹಳೆಯ ಪ್ಲೇಯರ್‌ಗಳು ವೇರಿಯಬಲ್ ಬಿಟ್‌ರೇಟಿನಲ್ಲಿ ಸಮಯ ತಪ್ಪು ತೋರಿಸುತ್ತವೆ, ಮುಂದೆ ಓಡಿಸಿದರೆ ಎಲ್ಲೆಲ್ಲಿಗೋ ಹಾರುತ್ತವೆ.

ಎಷ್ಟು ಬಿಟ್‌ರೇಟ್? ಇಲ್ಲಿ ಯಕ್ಷಗಾನ ಬೇರೆ ಸಂಗೀತದಂತಲ್ಲ. ಚಂಡೆಯ ಪೆಟ್ಟು ಕ್ಷಣಾರ್ಧದಲ್ಲಿ ಏರುತ್ತದೆ. ಕಡಿಮೆ ಬಿಟ್‌ರೇಟಿನ ಎಂಪಿ3 ಆ ಪೆಟ್ಟಿನ ತಪ್ಪನ್ನು ಅದರ ಹಿಂದು ಮುಂದಿನ ಕ್ಷಣಕ್ಕೂ ಹರಡಿಬಿಡುತ್ತದೆ. ಪೆಟ್ಟಿಗೆ ಸ್ವಲ್ಪ ಮೊದಲೇ ‘ಸ್‌ಸ್’ ಎಂಬ ಗದ್ದಲ ಕೇಳುವುದು ಅದಕ್ಕೇ. ಭಾಗವತರ ತಾಳದ ನಾದ ಎತ್ತರದ ಆವರ್ತನದ್ದು, ಮೊದಲು ಬಲಿಯಾಗುವುದು ಅದೇ. ಆದ್ದರಿಂದ ಪದ್ಯ, ಚಂಡೆ, ಕುಣಿತ ತುಂಬಿದ ಆಟಕ್ಕೆ 192 ಕೆಬಿಪಿಎಸ್‌ಗಿಂತ (ಸೆಕೆಂಡಿಗೆ ಕಿಲೋಬಿಟ್) ಇಳಿಯಬೇಡಿ. ಅರ್ಥಗಾರಿಕೆಯ ಮಾತೇ ಮುಖ್ಯವಾದ ತಾಳಮದ್ದಲೆಗೆ 96 ಕೆಬಿಪಿಎಸ್ ಮೋನೋ ಸಾಕು. ಬರೀ ಮಾತು, ಸಂದರ್ಶನ, ಉಪನ್ಯಾಸವಾದರೆ 64 ಮೋನೋ.

ಗಾತ್ರದ ಲೆಕ್ಕ ಬಾಯಲ್ಲೇ ಹಾಕಬಹುದು: ಕೆಬಿಪಿಎಸ್ ಅನ್ನು 0.45ರಿಂದ ಗುಣಿಸಿದರೆ ತಾಸಿಗೆ ಎಷ್ಟು ಎಂಬಿ ಎಂದು ಬರುತ್ತದೆ. 64ಕ್ಕೆ ಸುಮಾರು 29, 128ಕ್ಕೆ 58, 192ಕ್ಕೆ 86, 320ಕ್ಕೆ 144. ಎಂಟು ತಾಸಿನ ಆಟ 192ರಲ್ಲಿ 700 ಎಂಬಿಯ ಒಳಗೆ ನಿಲ್ಲುತ್ತದೆ. 16 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇಪ್ಪತ್ತು ರಾತ್ರಿ ಹಿಡಿಯುತ್ತದೆ, ಜಿಪುಣತನ ಬೇಡ.

ಇನ್ನೊಂದು ದಿಕ್ಕಿನ ತಪ್ಪೂ ಅಷ್ಟೇ ಸಾಮಾನ್ಯ. 64 ಕೆಬಿಪಿಎಸ್ ಎಂಪಿ3 ಸಿಕ್ಕಿತೆಂದು ಅದನ್ನು 320ಕ್ಕೆ ಏರಿಸುವುದು. ನೀರುಮಜ್ಜಿಗೆಯನ್ನು ದೊಡ್ಡ ಹಂಡೆಗೆ ಸುರಿದರೆ ಮೊಸರಾಗುವುದಿಲ್ಲ. ಫೈಲ್ ಐದು ಪಟ್ಟು ದೊಡ್ಡದಾಗುತ್ತದೆ, ಧ್ವನಿ ಇನ್ನೊಂದು ಸುತ್ತು ಕೆಡುತ್ತದೆ. ಕಳೆಯುವ ರೂಪದಿಂದ ಕಳೆಯುವ ರೂಪಕ್ಕೆ ಪ್ರತಿ ಸಲ ಹೋದಾಗಲೂ ಸ್ವಲ್ಪ ಸ್ವಲ್ಪ ಸೋರುತ್ತದೆ. ಎಂಪಿ3 ಇದ್ದದ್ದು ಕಾರಿನಲ್ಲಿ ಹಾಡುತ್ತಿದ್ದರೆ ಮುಟ್ಟಲೇಬೇಡಿ.

## ಹಂತ 4: ತುಂಡಾಗಿ ಬಂದದ್ದನ್ನು ಮೊದಲು ಜೋಡಿಸಿ

ಕೈಯಲ್ಲಿ ಹಿಡಿಯುವ ರೆಕಾರ್ಡರ್ ತಂದು ರಾತ್ರಿಯಿಡೀ ಹಿಡಿದವರಿಗೆ ಈ ಹಂತ. ಬೇರೆಯವರು ಹಂತ 5ಕ್ಕೆ ಹೋಗಬಹುದು.

ವೇವ್ ಫೈಲ್ 4 ಜಿಬಿ ದಾಟುವಂತಿಲ್ಲ. ಫೈಲಿನ ತಲೆಯಲ್ಲಿ ಗಾತ್ರ ಬರೆಯಲು ಇರುವ ಜಾಗ ಅಷ್ಟೇ. 44100, 16 ಬಿಟ್ ಸ್ಟೀರಿಯೋದಲ್ಲಿ ಅದು 6 ತಾಸು 45 ನಿಮಿಷಕ್ಕೆ ತುಂಬುತ್ತದೆ. 48000, 24 ಬಿಟ್‌ನಲ್ಲಿ 4 ತಾಸು 8 ನಿಮಿಷಕ್ಕೇ. ಆದ್ದರಿಂದ ರೆಕಾರ್ಡರ್‌ಗಳು ತಾವಾಗಿಯೇ ಫೈಲ್ ತುಂಡುಮಾಡುತ್ತವೆ, ಕೆಲವು 2 ಜಿಬಿಗೇ. ಪದ್ಯದ ನಡುವೆಯೇ ತುಂಡಾಗಿರುತ್ತದೆ, ಯಂತ್ರಕ್ಕೆ ಮಂಗಳಪದ್ಯ ಯಾವುದು, ಯುದ್ಧ ಯಾವುದು ಎಂದು ಗೊತ್ತೇ?

ಇಲ್ಲಿ ಆಗುವ ದೊಡ್ಡ ತಪ್ಪು: ಪ್ರತಿ ತುಂಡನ್ನೂ ಬೇರೆ ಬೇರೆ ಎಂಪಿ3 ಮಾಡಿ, ಆಮೇಲೆ ಜೋಡಿಸುವುದು. ಎಂಪಿ3 ಮಾಡುವಾಗ ಫೈಲಿನ ತಲೆಗೆ, ಬಾಲಕ್ಕೆ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಅಷ್ಟೇ. ಆದರೆ ಏರುಲಯದ ಚಂಡೆಯ ನಡುವೆ ಅಷ್ಟು ಸಾಕು, ತಾಳ ತಪ್ಪಿದ ಹಾಗೆ ಕಿವಿಗೆ ಬಡಿಯುತ್ತದೆ. ಜೋಡಣೆ ವೇವ್‌ನಲ್ಲೇ ಮುಗಿಯಲಿ, ಎಂಪಿ3 ಕೊನೆಗೆ.

ಅಡಾಸಿಟಿಯಲ್ಲಿ:

1. ಫೈಲ್, ಇಂಪೋರ್ಟ್, ಆಡಿಯೋ. ಎಲ್ಲ ತುಂಡುಗಳನ್ನೂ ಒಟ್ಟಿಗೆ ಆರಿಸಿ. ಒಂದರ ಕೆಳಗೊಂದು ಟ್ರ್ಯಾಕ್ ಆಗಿ ಬರುತ್ತವೆ. ಸರದಿ ಸರಿಯಿದೆಯೇ ನೋಡಿ, ಇಲ್ಲದಿದ್ದರೆ ಹೆಸರಿನ ಪಟ್ಟಿ ಹಿಡಿದು ಮೇಲೆ ಕೆಳಗೆ ಎಳೆಯಿರಿ.
2. ಕಂಟ್ರೋಲ್ ಹಾಗೂ ಎ ಒತ್ತಿ ಎಲ್ಲವನ್ನೂ ಆರಿಸಿ.
3. ಟ್ರ್ಯಾಕ್ಸ್ ಮೆನು, ಅಲೈನ್ ಟ್ರ್ಯಾಕ್ಸ್, ‘ಅಲೈನ್ ಎಂಡ್ ಟು ಎಂಡ್’. ಒಂದು ಮುಗಿದಲ್ಲಿ ಇನ್ನೊಂದು ಶುರುವಾಗುವಂತೆ ಸಾಲಾಗಿ ನಿಲ್ಲುತ್ತವೆ.
4. ಕೂಡುವ ಜಾಗವನ್ನು ಹಿಗ್ಗಿಸಿ ನೋಡಿ, ಹತ್ತು ಸೆಕೆಂಡು ಕೇಳಿ.

ಡಿಸ್ಕಿನಲ್ಲಿ ಜಾಗ ಇಟ್ಟುಕೊಳ್ಳಿ. ಅಡಾಸಿಟಿ ಒಳಗೆ 32 ಬಿಟ್‌ನಲ್ಲಿ ಕೆಲಸ ಮಾಡುವುದರಿಂದ ಸ್ಟೀರಿಯೋ ಧ್ವನಿ ತಾಸಿಗೆ 1.27 ಜಿಬಿ ತಿನ್ನುತ್ತದೆ. ಎಂಟು ತಾಸಿಗೆ ಹತ್ತು ಜಿಬಿ, ಕತ್ತರಿಸಿ ಪರಿಣಾಮ ಹಾಕಿದರೆ ಇನ್ನಷ್ಟು. ಸಿ ಡ್ರೈವ್ ಕೆಂಪಾಗಿದ್ದರೆ ಶುರುಮಾಡಬೇಡಿ.

ಜೋಡಿಸಿದ್ದನ್ನು ವೇವ್ ಆಗಿ ಉಳಿಸಲು ಹೋದರೆ ಮತ್ತೆ ಅದೇ 4 ಜಿಬಿ ಗೋಡೆ. ಫ್ಲ್ಯಾಕ್ ಆಗಿ ಎಕ್ಸ್‌ಪೋರ್ಟ್ ಮಾಡಿ.

## ಹಂತ 5: ಎಕ್ಸ್‌ಪೋರ್ಟ್‌ಗೆ ಮೊದಲು ಧ್ವನಿ ನೋಡಿಕೊಳ್ಳಿ

ಎಲ್ಲ ಫೈಲಿಗೂ ಇದು ಬೇಕಿಲ್ಲ. ಆದರೆ ಮೂರು ಕಾಯಿಲೆ ಪದೇ ಪದೇ ಬರುತ್ತವೆ.

ಒಂದೇ ಕಿವಿಯಲ್ಲಿ ಧ್ವನಿ: ಹೊರಗಿನ ಮೈಕ್ ಸಿಕ್ಕಿಸಿ ಹಿಡಿದಾಗ ಎಡ ಚಾನೆಲ್‌ನಲ್ಲಿ ಮಾತ್ರ ಅಲೆ ಕಾಣುತ್ತದೆ, ಕೆಳಗಿನದು ಬೋಳು ಗೆರೆ. ಟ್ರ್ಯಾಕಿನ ಹೆಸರಿನ ಪಕ್ಕದ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೋ ಟು ಮೋನೋ’ ಒತ್ತಿ, ಬೋಳು ಟ್ರ್ಯಾಕನ್ನು ಅಳಿಸಿ. ‘ಮಿಕ್ಸ್ ಸ್ಟೀರಿಯೋ ಡೌನ್ ಟು ಮೋನೋ’ ಇಲ್ಲಿ ಬೇಡ, ಮೌನದ ಜೊತೆ ಬೆರೆಸಿ ಧ್ವನಿ ಅರ್ಧಕ್ಕೆ ಇಳಿಯುತ್ತದೆ.

ಮೋನೋ ಮಾಡಿದ ಮೇಲೆ ಮಾತೇ ಮಾಯ: ಎರಡು ಚಾನೆಲ್‌ಗಳ ಅಲೆ ತಲೆಕೆಳಗಾಗಿ ಒಂದಕ್ಕೊಂದು ವಿರುದ್ಧ ಇದ್ದಾಗ ಹೀಗೆ. ವೈರಿಂಗ್ ತಪ್ಪಾದ ಮಿಕ್ಸರ್‌ನಿಂದ ತೆಗೆದ ಧ್ವನಿಯಲ್ಲಿ ಕಾಣಿಸುತ್ತದೆ. ಅರ್ಥಧಾರಿಯ ಧ್ವನಿ ತೆಳುವಾಗಿ, ಸಭೆಯ ಕೆಮ್ಮು ಮಾತ್ರ ಚೆನ್ನಾಗಿ ಕೇಳಿದರೆ ಇದೇ ರೋಗ. ಹಿಂದಕ್ಕೆ ಹೋಗಿ ಸ್ಪ್ಲಿಟ್ ಮಾಡಿ, ಒಂದು ಚಾನೆಲ್ ಮಾತ್ರ ಉಳಿಸಿಕೊಳ್ಳಿ.

ಸದ್ದು ತೀರಾ ಕಮ್ಮಿ ಅಥವಾ ಒಡೆದದ್ದು: ಕಮ್ಮಿಯಾಗಿದ್ದರೆ ಎಫೆಕ್ಟ್ ಮೆನುವಿನ ನಾರ್ಮಲೈಸ್‌ನಲ್ಲಿ ಶಿಖರವನ್ನು -1 ಡಿಬಿಗೆ ಇಡಿ. 0ಗೆ ಏರಿಸಬೇಡಿ, ಎಂಪಿ3 ಆಗುವಾಗ ಶಿಖರಗಳು ಸ್ವಲ್ಪ ಚಿಗಿಯುತ್ತವೆ, ಆ ಒಂದು ಡಿಬಿ ಅದಕ್ಕೆ ಬಿಟ್ಟ ಜಾಗ. ಒಡೆದದ್ದು ಬೇರೆ ಮಾತು. ವ್ಯೂ ಮೆನುವಿನ ‘ಶೋ ಕ್ಲಿಪಿಂಗ್’ ಹಾಕಿ. ಕೆಂಪು ಗೆರೆಗಳು ದಟ್ಟವಾಗಿದ್ದರೆ ಅದು ರೆಕಾರ್ಡ್ ಆಗುವಾಗಲೇ ಒಡೆದಿದೆ. ಯಾವ ಫಾರ್ಮ್ಯಾಟಿಗೆ ಹೋದರೂ ಸರಿಯಾಗದು. ಚಂಡೆಯ ಪಕ್ಕದ ಸ್ಪೀಕರ್ ಕಾಲಿಗೆ ಫೋನ್ ಕಟ್ಟಿದರೆ ಇನ್ನೇನಾಗಬೇಕು.

ಪ್ರಸಂಗ ಬೇರೆ ಬೇರೆ ಮಾಡಬೇಕಾದರೆ ಪ್ರತಿ ಭಾಗದ ಆರಂಭದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಹಾಗೂ ಬಿ ಒತ್ತಿ, ಲೇಬಲ್ ಹೆಸರು ಬರೆಯಿರಿ. ಹೆಸರಿಗೆ 01, 02 ಎಂದು ಎರಡಂಕಿಯ ಸಂಖ್ಯೆ ಮುಂದಿರಲಿ. 1, 2, 10 ಎಂದು ಬರೆದರೆ ಬಹಳಷ್ಟು ಪ್ಲೇಯರ್ ಒಂದರ ಮೇಲೆ ಹತ್ತನ್ನು ಹಾಡುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ ‘ಮಲ್ಟಿಪಲ್ ಫೈಲ್ಸ್’ ಆರಿಸಿ, ಲೇಬಲ್ ಪ್ರಕಾರ ಎಂದು ಕೊಟ್ಟರೆ ಒಂದೇ ಸಲಕ್ಕೆ ಎಲ್ಲ ಭಾಗ ಬೇರೆಯಾಗುತ್ತದೆ.

ಎಕ್ಸ್‌ಪೋರ್ಟ್: ಫೈಲ್, ಎಕ್ಸ್‌ಪೋರ್ಟ್ ಆಡಿಯೋ. ಹೊಸ ಆವೃತ್ತಿಗಳು ಕ್ಲೌಡ್‌ಗೋ ಕಂಪ್ಯೂಟರ್‌ಗೋ ಎಂದು ಕೇಳಿದರೆ ಕಂಪ್ಯೂಟರ್ ಆರಿಸಿ. ಫಾರ್ಮ್ಯಾಟ್ ಎಂಪಿ3, ಸ್ಯಾಂಪಲ್ ರೇಟ್ 44100, ಬಿಟ್ ರೇಟ್ ಮೋಡ್ ‘ಕಾನ್‌ಸ್ಟಂಟ್’, ಕ್ವಾಲಿಟಿ 192. ‘ಸೇವ್ ಪ್ರಾಜೆಕ್ಟ್’ ಒತ್ತಿ ಬರುವ ಎಯುಪಿ3 ಫೈಲ್ ಹಾಡಲ್ಲ, ಅಡಾಸಿಟಿಯ ಕೆಲಸದ ಮೇಜು. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟವರು ಒಬ್ಬಿಬ್ಬರಲ್ಲ.

ಎಎಂಆರ್ ಅಥವಾ ವಾಯ್ಸ್‌ನೋಟಿನಿಂದ ಬಂದದ್ದಾದರೆ ಸ್ಯಾಂಪಲ್ ರೇಟ್ ಮೇಲೆ ವಿಶೇಷ ಗಮನ. ಅಡಾಸಿಟಿ ಮೂಲದ 8000 ಅಥವಾ 16000ವನ್ನೇ ಹಿಡಿದುಕೊಂಡು ಎಂಪಿ3 ಕೊಡಬಹುದು. ಕಂಪ್ಯೂಟರಿನಲ್ಲಿ ಅದು ಹಾಡುತ್ತದೆ, ಆದರೆ ಕಾರಿನ ಹಲವು ಸ್ಟೀರಿಯೋಗಳಿಗೆ ಆ ಜಾತಿಯ ಎಂಪಿ3 ಗೊತ್ತಿಲ್ಲ. ‘ಎಂಪಿ3 ಮಾಡಿದರೂ ಹಾಡುವುದಿಲ್ಲ’ ಎಂಬ ಗೋಳಿಗೆ ಅತಿ ಹೆಚ್ಚಾಗಿ ಸಿಗುವ ಕಾರಣ ಇದು. 44100 ಎಂದು ಕೈಯಾರೆ ಹಾಕಿ. ಗುಣಮಟ್ಟ ಏರುವುದಿಲ್ಲ, ಹಾಡಲು ಶುರುವಾಗುತ್ತದೆ.

## ಹಂತ 6: ಹತ್ತಾರು ಫೈಲ್ ಒಟ್ಟಿಗೆ, ಫ್ರೆ-ಎಸಿಯಲ್ಲಿ

ಕತ್ತರಿಸುವುದು, ಜೋಡಿಸುವುದು ಏನೂ ಇಲ್ಲ, ಐವತ್ತು ಎಂ4ಎ ಫೈಲ್ ಎಂಪಿ3 ಆಗಬೇಕು ಅಷ್ಟೇ ಎಂದಾದರೆ ಅಡಾಸಿಟಿ ಬೇಡ.

1. ಫೈಲ್‌ಗಳನ್ನು ಫ್ರೆ-ಎಸಿ ಕಿಟಕಿಗೆ ಎಳೆದುಹಾಕಿ. ಬರದ ಫೈಲ್ ಇದ್ದರೆ ಹಂತ 5ರ ದಾರಿ.
2. ಆಪ್ಷನ್ಸ್, ಜನರಲ್ ಸೆಟ್ಟಿಂಗ್ಸ್ ತೆರೆದು ಎನ್‌ಕೋಡರ್ ಜಾಗದಲ್ಲಿ ‘ಲೇಮ್ ಎಂಪಿ3’ ಆರಿಸಿ. ಪಕ್ಕದ ಕಾನ್ಫಿಗರ್ ಒತ್ತಿ, ಸಿದ್ಧ ಪ್ರಿಸೆಟ್ ಬಿಟ್ಟು ಸ್ವಂತ ಸೆಟ್ಟಿಂಗ್ ಆರಿಸಿ, 192 ಇಡಿ.
3. ಔಟ್‌ಪುಟ್ ಫೋಲ್ಡರ್ ‘ತಯಾರಾದದ್ದು’. ಹೆಸರಿನ ಮಾದರಿ ಕಲಾವಿದ-ಶೀರ್ಷಿಕೆ ಎಂದಿದ್ದರೆ ‘ಫೈಲ್‌ನೇಮ್’ ಮಾದರಿಗೆ ಬದಲಿಸಿ. ಫೋನ್ ರೆಕಾರ್ಡಿಂಗ್‌ನಲ್ಲಿ ಕಲಾವಿದರ ವಿವರ ಇರುವುದಿಲ್ಲ, ಹೆಸರು ಕಲಸುಮೇಲೋಗರ ಆಗುತ್ತದೆ.
4. ಎನ್‌ಕೋಡ್ ಮೆನು ತೆರೆದು ಟಿಕ್‌ಗಳನ್ನು ಒಂದೊಂದಾಗಿ ನೋಡಿ. ‘ಡಿಲೀಟ್ ಒರಿಜಿನಲ್ ಫೈಲ್ಸ್ ಆಫ್ಟರ್ ಎನ್‌ಕೋಡಿಂಗ್’ ಎಂಬುದಕ್ಕೆ ಟಿಕ್ ಇದ್ದರೆ ತಕ್ಷಣ ತೆಗೆಯಿರಿ. ‘ಎನ್‌ಕೋಡ್ ಟು ಸಿಂಗಲ್ ಫೈಲ್’ಗೆ ಟಿಕ್ ಬಿದ್ದಿದ್ದರೆ ಐವತ್ತು ಹಾಡು ಒಂದೇ ಉದ್ದನೆಯ ಫೈಲ್ ಆಗಿ ಬರುತ್ತದೆ.
5. ಮೊದಲು ಒಂದೇ ಫೈಲಿಗೆ ಮಾತ್ರ ಟಿಕ್ ಇಟ್ಟು ಓಡಿಸಿ, ಅದನ್ನು ಕಾರಿನಲ್ಲಿ ಹಾಡಿಸಿ ನೋಡಿ. ಆಮೇಲೆ ಉಳಿದದ್ದು.

## ಹಂತ 7: ವಿಡಿಯೋದಿಂದ ಧ್ವನಿ

ಮಗಳ ರಂಗಪ್ರವೇಶದ ವಿಡಿಯೋ, ಊರ ಆಟದ ಹಳೆಯ ಡಿವಿಡಿ ಫೈಲ್ ಇಂಥವಕ್ಕೆ ವಿಎಲ್‌ಸಿ ಸಾಕು. ಮಾರಾಟಕ್ಕಿರುವ ಮೇಳದ ಆಲ್ಬಂ ಆಗಿದ್ದರೆ ಕೊಂಡುಕೊಳ್ಳಿ, ಕಲಾವಿದರಿಗೂ ಹೊಟ್ಟೆ ಇದೆ.

ಮೀಡಿಯಾ ಮೆನು, ‘ಕನ್ವರ್ಟ್/ಸೇವ್’. ಆಡ್ ಒತ್ತಿ ಫೈಲ್ ಸೇರಿಸಿ, ಕೆಳಗಿನ ಕನ್ವರ್ಟ್/ಸೇವ್ ಒತ್ತಿ. ಪ್ರೊಫೈಲ್ ‘ಆಡಿಯೋ - ಎಂಪಿ3’. ಪಕ್ಕದ ಸ್ಪ್ಯಾನರ್ ಚಿತ್ರ ಒತ್ತಿ ಆಡಿಯೋ ಕೋಡೆಕ್‌ನಲ್ಲಿ ಬಿಟ್‌ರೇಟ್ 192 ಮಾಡಿ, ಇಲ್ಲದಿದ್ದರೆ 128ರಲ್ಲೇ ಇರುತ್ತದೆ. ಡೆಸ್ಟಿನೇಷನ್ ಫೈಲಿಗೆ ಬೇರೆ ಫೋಲ್ಡರ್, ಬೇರೆ ಹೆಸರು ಕೊಡಿ. ಮೂಲದ ಹೆಸರನ್ನೇ ಕೊಟ್ಟರೆ ಓದುತ್ತಿರುವ ಫೈಲಿನ ಮೇಲೇ ಬರೆಯಲು ಹೋಗಿ ಎರಡೂ ಹಾಳು. ಸ್ಟಾರ್ಟ್ ಒತ್ತಿದ ಮೇಲೆ ಏನೂ ಕೇಳುವುದಿಲ್ಲ, ಕೆಳಗಿನ ಪಟ್ಟಿ ಮಾತ್ರ ಓಡುತ್ತದೆ. ಅದು ಕೊನೆ ಮುಟ್ಟುವ ಮೊದಲು ವಿಎಲ್‌ಸಿ ಮುಚ್ಚಬೇಡಿ.

## ಹಂತ 8: ಪೆನ್‌ಡ್ರೈವ್‌ಗೆ ಇಳಿಸುವುದು

ದೇವಿಮನೆ ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಾಡಬೇಕಾದ್ದು ಇದೇ. ಇಲ್ಲಿನ ತಪ್ಪುಗಳು ಸಣ್ಣವು, ಕಿರಿಕಿರಿ ದೊಡ್ಡದು.

ಪೆನ್‌ಡ್ರೈವ್ ಫ್ಯಾಟ್32ರಲ್ಲಿರಲಿ (ಡ್ರೈವ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ). ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಹಲವು ಕಾರುಗಳಿಗೆ ತಿಳಿಯುವುದಿಲ್ಲ. ವಿಂಡೋಸ್‌ನ ಸಾಮಾನ್ಯ ಫಾರ್ಮ್ಯಾಟ್ ಕಿಟಕಿ ಫ್ಯಾಟ್32ವನ್ನು ಬಹುಕಾಲದಿಂದ 32 ಜಿಬಿವರೆಗೆ ಮಾತ್ರ ತೋರಿಸುತ್ತ ಬಂದಿದೆ, ಹಾಗಾಗಿ 16 ಅಥವಾ 32 ಜಿಬಿಯ ಡ್ರೈವ್ ತಂದರೆ ತಲೆನೋವಿಲ್ಲ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ ಎಂಬುದು ನೆನಪಿರಲಿ.

ಅಗ್ಗದ ಪ್ಲೇಯರ್‌ಗಳು ಹೆಸರಿನ ಸರದಿ ನೋಡುವುದಿಲ್ಲ. ಡ್ರೈವ್‌ಗೆ ಯಾವ ಫೈಲ್ ಮೊದಲು ಬರೆಯಲಾಯಿತೋ ಅದನ್ನೇ ಮೊದಲು ಹಾಡುತ್ತವೆ. ಪ್ರಸಂಗದ ಮೂರನೇ ತುಂಡು ಮೊದಲು ಬರುವುದು ಇದರಿಂದ. ಖಾಲಿ ಡ್ರೈವ್‌ಗೆ 01ರಿಂದ ಒಂದೊಂದಾಗಿ ಸರದಿಯಲ್ಲೇ ನಕಲು ಮಾಡಿ. ಲಿನಕ್ಸ್ ಬಳಸುವವರಿಗೆ ಫ್ಯಾಟ್‌ಸಾರ್ಟ್ ಎಂಬ ಉಚಿತ ಸಾಧನ ಈ ಸರದಿಯನ್ನೇ ಮರುಜೋಡಿಸಿಕೊಡುತ್ತದೆ.

ಕನ್ನಡದಲ್ಲಿ ಹೆಸರು ಬರೆದರೆ ಹಲವು ಪರದೆಗಳಲ್ಲಿ ಚೌಕ ಅಥವಾ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಆ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ, ಫೈಲಿಗೆ ಏನೂ ಆಗಿಲ್ಲ. ಕಾರಿನ ಪ್ರತಿಗೆ ಇಂಗ್ಲಿಷ್ ಲಿಪಿಯ ಚಿಕ್ಕ ಹೆಸರು ಕೊಡಿ, ಕಾಪಿಡುವ ಫ್ಲ್ಯಾಕ್‌ಗೆ ಕನ್ನಡದಲ್ಲೇ ಪೂರ್ಣ ವಿವರ ತುಂಬಿ: ಪ್ರಸಂಗ, ಸ್ಥಳ, ದಿನಾಂಕ, ಭಾಗವತರು, ಮುಮ್ಮೇಳ, ಹಿಮ್ಮೇಳ. ಎಂಪಿ3ಟ್ಯಾಗ್‌ನ ಆಪ್ಷನ್ಸ್‌ನಲ್ಲಿ ಐಡಿ3 (ಫೈಲಿನೊಳಗೆ ವಿವರ ಬರೆಯುವ ಪದ್ಧತಿ) ಆವೃತ್ತಿ 2.3 ಇರಲಿ. 2.4 ಹಳೆಯ ಸ್ಟೀರಿಯೋಗಳಿಗೆ ಓದಲಾಗುವುದಿಲ್ಲ.

ಹೊರತೆಗೆಯುವಾಗ ‘ಇಜೆಕ್ಟ್’ ಕೊಟ್ಟೇ ಎಳೆಯಿರಿ. ಕೊನೆಯ ಫೈಲ್ ಮಾತ್ರ ನಡುವೆ ನಿಲ್ಲುತ್ತಿದೆ ಎಂದರೆ ಬಹುಶಃ ಎಳೆದದ್ದು ಬೇಗ.

## ಹಂತ 9: ಪರೀಕ್ಷೆ

ಮೊದಲು ಅವಧಿ. ಚೀಟಿಯಲ್ಲಿ ಬರೆದ ಮೂಲದ ಅವಧಿಗೂ ಹೊಸದಕ್ಕೂ ಒಂದು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಏನೋ ತುಂಡಾಗಿದೆ. ಆಮೇಲೆ ಆರಂಭ, ನಡು, ಕೊನೆಯ ಎರಡು ನಿಮಿಷ ಕೇಳಿ. ಕೊನೆಯದು ಬಿಡಬೇಡಿ, ಅರ್ಧಕ್ಕೆ ನಿಂತ ಬದಲಾವಣೆ ಅಲ್ಲೇ ಸಿಕ್ಕಿಬೀಳುವುದು. ಚಂಡೆ ಏರಿದ ಒಂದು ಜಾಗವನ್ನು ಹೆಡ್‌ಫೋನ್‌ನಲ್ಲಿ ಕೇಳಿ.

ಯಾರಾದರೂ ‘ಒರಿಜಿನಲ್ ಫ್ಲ್ಯಾಕ್’ ಎಂದು ಕೊಟ್ಟರೆ ನಂಬುವ ಮೊದಲು ಅಡಾಸಿಟಿಯಲ್ಲಿ ತೆರೆದು ಟ್ರ್ಯಾಕ್ ಮೆನುವಿನಲ್ಲಿ ಸ್ಪೆಕ್ಟ್ರೋಗ್ರಾಂ ನೋಟ ಹಾಕಿ, ಯಾವ ಆವರ್ತನದ ಸದ್ದು ಎಷ್ಟಿದೆ ಎಂದು ಅದು ಬಣ್ಣದಲ್ಲಿ ತೋರಿಸುತ್ತದೆ. ಬಣ್ಣ 16000 ಹರ್ಟ್ಜ್ ಸುಮಾರಿಗೆ ಚಾಕುವಿನಲ್ಲಿ ಕೊಯ್ದಂತೆ ನೇರ ಗೆರೆಯಾಗಿ ನಿಂತಿದ್ದರೆ, ಅದು ಒಂದು ಕಾಲದಲ್ಲಿ 128 ಕೆಬಿಪಿಎಸ್ ಎಂಪಿ3 ಆಗಿದ್ದಿರಬೇಕು. ಚಂಡೆ, ತಾಳ ಇರುವ ನಿಜವಾದ ವೇವ್‌ನಲ್ಲಿ ಪ್ರತಿ ಪೆಟ್ಟಿಗೂ ಬಣ್ಣದ ಕಂಬ ಅದಕ್ಕೂ ಮೇಲಕ್ಕೆ ಚಾಚಿ, ಅಂಚು ಅಂಕುಡೊಂಕಾಗಿ ಮಸುಕಾಗುತ್ತದೆ.

## ಎಚ್ಚರಿಕೆಯ ಸೂಚನೆಗಳು, ಅವುಗಳ ಕಾರಣ

ಶ್ರುತಿ ಇಳಿದಿದೆ, ಲಯ ನಿಧಾನವಾಗಿದೆ: 48000ದ ಧ್ವನಿಯನ್ನು ಯಾರೋ 44100 ಎಂದು ಓದಿಸಿದ್ದಾರೆ. ಶ್ರುತಿ ಹಾರ್ಮೋನಿಯಂನ ಒಂದೂವರೆ ಮನೆ ಕೆಳಗೆ ಬರುತ್ತದೆ. ತಾಸಿನ ಆಟ ಐದು ನಿಮಿಷ ಉದ್ದವಾಗಿರುತ್ತದೆ. ಟ್ರ್ಯಾಕ್ ಮೆನುವಿನ ‘ರೇಟ್’ ಅನ್ನು 48000ಕ್ಕೆ ಬದಲಿಸಿ. ‘ರೀಸ್ಯಾಂಪಲ್’ ಬೇರೆ ಕೆಲಸ, ಅದನ್ನು ಮುಟ್ಟಬೇಡಿ.

ವೇವ್ ಫೈಲ್ 1 ಜಿಬಿ ಇದೆ, ಅವಧಿ ಮಾತ್ರ ಸೊನ್ನೆ: ರೆಕಾರ್ಡರಿನ ಬ್ಯಾಟರಿ ನಡುರಾತ್ರಿ ಸತ್ತಿದೆ. ಧ್ವನಿ ಒಳಗೇ ಇದೆ, ತಲೆಯಲ್ಲಿ ಗಾತ್ರ ಬರೆದಿಲ್ಲ ಅಷ್ಟೇ. ಅಡಾಸಿಟಿಯಲ್ಲಿ ಫೈಲ್, ಇಂಪೋರ್ಟ್, ‘ರಾ ಡೇಟಾ’. ಸೈನ್ಡ್ 16 ಬಿಟ್ ಪಿಸಿಎಂ, ಲಿಟಲ್ ಎಂಡಿಯನ್, 2 ಚಾನೆಲ್, ಸ್ಟಾರ್ಟ್ ಆಫ್‌ಸೆಟ್ 44, ರೇಟ್ 44100 ಅಥವಾ 48000. ಬರೀ ಭೋರ್ಗರೆತ ಬಂದರೆ ಅದು 24 ಬಿಟ್ ಇರಬಹುದು. 24 ಬಿಟ್ ಹಾಕಿ, ಆಫ್‌ಸೆಟ್ 0, 1, 2 ಎಂದು ಒಂದೊಂದೇ ಬದಲಿಸಿ ನೋಡಿ, ಮೂರರಲ್ಲಿ ಒಂದಕ್ಕೆ ಭಾಗವತರು ಬಾಯಿ ಬಿಡುತ್ತಾರೆ.

ಎಂ4ಎ ಫೈಲ್ ಹಾಗೆಯೇ ಅರ್ಧಕ್ಕೆ ನಿಂತದ್ದು: ಇದು ಕಷ್ಟದ್ದು. ಎಂ4ಎಯಲ್ಲಿ ಧ್ವನಿ ಎಲ್ಲೆಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ನಿಲ್ಲಿಸುವ ಗುಂಡಿ ಒತ್ತುವ ಮೊದಲೇ ಫೋನ್ ಸತ್ತರೆ ಸೂಚಿಯೇ ಇಲ್ಲ, ರಾ ಡೇಟಾ ದಾರಿಯೂ ನಡೆಯುವುದಿಲ್ಲ. ಅನ್‌ಟ್ರಂಕ್ ಎಂಬ ಉಚಿತ ಸಾಧನಕ್ಕೆ ಅದೇ ಫೋನಿನಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಹಿಡಿದ ಒಂದು ಸರಿಯಾದ ಫೈಲನ್ನು ಮಾದರಿಯಾಗಿ ಕೊಟ್ಟರೆ ಕೆಲವೊಮ್ಮೆ ಮರಳಿ ಸಿಗುತ್ತದೆ. ಮುಂದಿನ ಆಟಕ್ಕೆ ಫೋನನ್ನು ಪವರ್‌ಬ್ಯಾಂಕಿಗೆ ಸಿಕ್ಕಿಸಿಡಿ, ತಾಸಿಗೊಮ್ಮೆ ಪದ್ಯ ಮುಗಿದ ಸಂದು ನೋಡಿ ನಿಲ್ಲಿಸಿ ಹೊಸದಾಗಿ ಶುರುಮಾಡಿ. ಸತ್ತರೂ ಹೋಗುವುದು ಒಂದು ತಾಸು.